ಬಾಗಿಲುವಾಡದ ಮೊಳೆ

ಮೊಳೆ ಕೀಳುವುದು ಮೇಷ್ಟರ ಕೆಲಸವಲ್ಲ. ಆದರೂ ಹೋದ ವರ್ಷ ಯುಗಾದಿ ಕಳೆದ ವಾರದಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತು. ಅದನ್ನು ಮಾಡಿದ ಮೇಲೆ ಬಹುದಿನ ನನ್ನ ಮನಸ್ಸಿಗೆ ನೆಮ್ಮದಿ ಇರಲಿಲ್ಲ.

ನಾವಿರುವುದು ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ. ಓಣಿಯ ತುಂಬ ಚಪ್ಪಲಿಗೂಡು, ಸೈಕಲ್ಲು, ತುಳಸಿಕುಂಡ, ಹಳೆಯ ಪತ್ರಿಕೆಗಳ ಕಟ್ಟು. ಒಂದು ಮಗು ಎಡವಿ ಬಿದ್ದಿತು. ನಿವಾಸಿಗಳ ಸಂಘ ಸಭೆ ಸೇರಿ, ಕನ್ನಡ ಕಲಿಸುವವನೆಂದು ನಿಯಮವನ್ನು ಬರೆಯಲು ನನಗೇ ಹೇಳಿತು. “ಮನೆಬಾಗಿಲಿನ ಹೊರಗೆ ಯಾವ ವಸ್ತುವನ್ನೂ ಇಡಕೂಡದು, ಹೊಡೆಯಕೂಡದು, ತೂಗಹಾಕಕೂಡದು” ಎಂದು ಬರೆದೆ. ಅಪವಾದವಿಲ್ಲದ ಆ ವಾಕ್ಯದ ಬಗೆಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ನಮ್ಮ ಎದುರುಮನೆಯಲ್ಲಿ ವೃದ್ಧೆಯೊಬ್ಬರು ಒಂಟಿಯಾಗಿದ್ದಾರೆ, ಕ್ರೈಸ್ತರು. ಅವರ ಬಾಗಿಲುವಾಡದ ಮೇಲೆ ಗೇಣುದ್ದದ ಮರದ ಶಿಲುಬೆಯೊಂದಿತ್ತು. ತೀರಿಹೋದ ಪತಿ ಗೃಹಪ್ರವೇಶದ ದಿನ ಹೊಡೆದದ್ದು. ನಿಯಮದ ಪ್ರತಿ ಕೈಗೆ ಬಂದಾಗ ಆಕೆ ವಾದಿಸಲಿಲ್ಲ. ನಮ್ಮ ಮನೆಗೆ ಬಂದು, “ಮೇಷ್ಟ್ರೇ, ನನ್ನ ಕೈಗೆ ಎಟುಕುವುದಿಲ್ಲ. ನೀವೇ ಕಿತ್ತುಕೊಡಿ” ಎಂದರು. ಮಣೆ ಹಾಕಿಕೊಂಡು ಹತ್ತಿದೆ. ಮೊಳೆ ಕಿತ್ತು ಹಿಂದಿರುಗಿ ನೋಡಿದರೆ ಕಣ್ಣಿನ ಮಟ್ಟದಲ್ಲಿ ನಮ್ಮ ಮನೆಯ ಬಾಗಿಲು. ಅದರ ಮೇಲೆ ಹಬ್ಬದ ದಿನ ನಾನೇ ಕಟ್ಟಿದ ಮಾವಿನ ತೋರಣ, ಎಲೆ ಒಣಗಿ ಜೋತುಬಿದ್ದಿತ್ತು.

ನಿಯಮ ಬರೆದವನಿಗೆ ತನ್ನ ತೋರಣ ಕಾಣಲಿಲ್ಲವೇಕೆ? ಅದು ‘ವಸ್ತು’ವೆಂದು ನನಗೆ ತೋರಿರಲೇ ಇಲ್ಲ. ತೋರಣ ಪದ್ಧತಿ, ಶಿಲುಬೆ ಮಾತ್ರ ಮತಚಿಹ್ನೆ ಎಂದು ಒಳಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಬಹುಮಂದಿಯ ಆಚಾರ ಗಾಳಿಯಂತೆ. ಅದರೊಳಗೇ ಇರುವವರಿಗೆ ಅದು ಕಾಣುವುದಿಲ್ಲ.

ಆಮೇಲೆ ಈ ವಿಷಯವನ್ನು ಕುರಿತು ಓದತೊಡಗಿದೆ. ನನ್ನ ವಾಕ್ಯದ ಅಣ್ಣನಂಥದೊಂದು ಅಮೆರಿಕದಲ್ಲಿ ಮೊದಲೇ ಹುಟ್ಟಿತ್ತು. ಷಿಕಾಗೊ ನಗರದ ಷೋರ್‌ಲೈನ್ ಟವರ್ಸ್ ಎಂಬ ಕಟ್ಟಡದ ಸಂಘ, ಬಾಗಿಲ ಹೊರಗೆ ಯಾವ ಬಗೆಯ ವಸ್ತುವೂ ಕೂಡದೆಂದು 2001ರಲ್ಲಿ ನಿಯಮ ಮಾಡಿತು. ಅಲ್ಲಿದ್ದ ಯೆಹೂದ್ಯರ ಬಾಗಿಲುಗಳಲ್ಲಿ ಮೆಜೂಜಾ ಇರುತ್ತಿತ್ತು. ಧರ್ಮಗ್ರಂಥದ ವಾಕ್ಯಗಳನ್ನು ಕೈಯಿಂದ ಬರೆದ ಚರ್ಮದ ಹಾಳೆಯನ್ನು ಸುರುಳಿ ಸುತ್ತಿ, ಬೆರಳುದ್ದದ ಕರಡಿಗೆಯಲ್ಲಿಟ್ಟು, ಬಾಗಿಲಿನ ಬಲನಿಲುವಿಗೆ ಹೊಡೆಯುತ್ತಾರೆ. ಅದು ಅವರಿಗೆ ಅಲಂಕಾರವಲ್ಲ, ವಿಧಿ. ಮೊದಲು ಯಾರೂ ಅದನ್ನು ಮುಟ್ಟಲಿಲ್ಲ. 2004ರಲ್ಲಿ ಓಣಿಗೆ ಬಣ್ಣ ಬಳಿದ ಮೇಲೆ ಅದೇ ವಾಕ್ಯಕ್ಕೆ ಹೊಸ ಅರ್ಥ ಹುಟ್ಟಿ, ಮೆಜೂಜಾಗಳನ್ನು ಕೀಳತೊಡಗಿದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ, ನಿಯಮ ಎಲ್ಲ ವಸ್ತುಗಳಿಗೂ ಒಂದೇ ಎಂದು ಬಹುಮತದಿಂದ ಸಂಘದ ಪರವಾಗಿ ಹೇಳಿತು. 2009ರಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ ಒಮ್ಮತದಿಂದ ಬೇರೆ ಮಾತನಾಡಿತು: ಉದ್ದೇಶಪೂರ್ವಕವಾದ ತಾರತಮ್ಯ ನಡೆಯಿತೇ ಎಂಬುದನ್ನು 1968ರ ವಸತಿ ಕಾನೂನಿನಡಿ ವಿಚಾರಣೆಗೆ ಒಡ್ಡಬಹುದು. ಅಷ್ಟರಲ್ಲಿ ಷಿಕಾಗೊ ನಗರವೂ ಇಲಿನಾಯ್ ರಾಜ್ಯವೂ ಇಂಥ ಚಿಹ್ನೆಗಳಿಗೆ ರಕ್ಷಣೆ ಕೊಟ್ಟಿದ್ದವು.

ಕೆನಡಾದ ಮಾಂಟ್ರಿಯಲ್‌ನ ವ್ಯಾಜ್ಯ ಇನ್ನೂ ಕಠಿಣವಾದದ್ದು. 1996ರ ಶರತ್ಕಾಲದಲ್ಲಿ ಅಲ್ಲಿಯ ಒಂದು ಭವ್ಯ ಸಮುಚ್ಚಯದ ಕೆಲವು ಯೆಹೂದ್ಯರು ಹಬ್ಬಕ್ಕೆಂದು ತಮ್ಮ ಮೊಗಸಾಲೆಗಳಲ್ಲಿ ಸುಕ್ಕಾ ಎಂಬ ತಾತ್ಕಾಲಿಕ ಗುಡಿಸಲನ್ನು ಕಟ್ಟಿದರು. ಮೊಗಸಾಲೆಯಲ್ಲಿ ಏನನ್ನೂ ಕಟ್ಟಕೂಡದೆಂಬ ಷರತ್ತು ಒಡೆತನದ ಪತ್ರದಲ್ಲಿತ್ತು. ತೋಟದಲ್ಲಿ ಎಲ್ಲರಿಗೂ ಸೇರಿ ಒಂದು ಸುಕ್ಕಾ ಸಾಲದೇ ಎಂದಿತು ಸಂಘ. ಎರಡು ನ್ಯಾಯಾಲಯಗಳು ಸಂಘದ ಪರವಾಗಿ ನಿಂತವು. 2004ರ ಜೂನ್ 30ರಂದು ಸರ್ವೋಚ್ಚ ನ್ಯಾಯಾಲಯ ಐವರು ನಾಲ್ವರಾಗಿ ಒಡೆದು, ನಿವಾಸಿಗಳನ್ನು ಗೆಲ್ಲಿಸಿತು. ಮನೆಮನೆಗೂ ಬೇರೆ ಸುಕ್ಕಾ ಬೇಕೆಂದು ಧರ್ಮ ವಿಧಿಸುತ್ತದೆಯೇ ಎಂಬುದರ ಬಗ್ಗೆ ಇಬ್ಬರು ರಬ್ಬಿಗಳು ಭಿನ್ನವಾಗಿ ಸಾಕ್ಷ್ಯ ನುಡಿದಿದ್ದರು. ಆದರೆ ಶಾಸ್ತ್ರಾರ್ಥ ನ್ಯಾಯಾಲಯದ ಕೆಲಸವಲ್ಲ. ನಂಬುವವನ ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ಅದು ನೋಡಬೇಕು ಎಂಬುದು ಬಹುಮತದ ನಿಲುವು. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚದಂತೆ ಕಟ್ಟುವೆವೆಂದು ನಿವಾಸಿಗಳೂ ಒಪ್ಪಿದ್ದರು.

ಎದುರುವಾದವನ್ನು ಹಗುರವಾಗಿ ಕಾಣುವಂತಿಲ್ಲ. ಷರತ್ತಿಗೆ ರುಜು ಹಾಕಿ ಬಂದವನು ನೆರೆಯವನಿಗೆ ಮಾತು ಕೊಟ್ಟ ಹಾಗಲ್ಲವೇ ಎಂದು ಭಿನ್ನಮತದವರು ಕೇಳಿದ್ದರು. ಕೊಟ್ಟ ಮಾತಿನ ಬೆಲೆ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಓಣಿ ಎಲ್ಲರ ಸೊತ್ತು. ನಮ್ಮ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯೂ ಅದನ್ನೇ ಹೇಳುತ್ತದೆ. ಸಂವಿಧಾನದ 25ನೆಯ ಅನುಚ್ಛೇದ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ, ನಿಜ. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರು ನಿಂತು ಕೇಳುವ ಹಕ್ಕು. ನೆರೆಹೊರೆಯ ಸಂಘದ ಎದುರಿಗಲ್ಲ. ಅಲ್ಲಿ ನೆರೆಯವರ ವಿವೇಕವೇ ಮೊದಲ ಆಸರೆ.

ಹಾಗಾದರೆ ಗೆರೆ ಎಲ್ಲಿ? ನನಗೆ ತೋರಿದ್ದು ಇಷ್ಟು. ನಡೆಯುವ ಕಾಲಿಗೆ ಅಡ್ಡಬರುವುದು ಎಲ್ಲರಿಗೂ ಸಂಬಂಧಪಟ್ಟದ್ದು. ಅದು ದೇವರ ಹೆಸರಿನದಾದರೂ ತೆಗೆಯಬೇಕು. ಬಾಗಿಲುವಾಡಕ್ಕೆ ಅಂಟಿಕೊಂಡು ಯಾರಿಗೂ ತೊಡಕಾಗದಿರುವುದು ಆ ಮನೆಯವರಿಗೆ ಸೇರಿದ್ದು. ಹೊಸ್ತಿಲು ಅರ್ಧ ಒಳಗಿನದು, ಅರ್ಧ ಹೊರಗಿನದು. ಅದಕ್ಕೆ ಪೂಜೆ ಮಾಡುವ, ಮಾರ್ಗಶಿರದ ಹುಣ್ಣಿಮೆಯನ್ನು ಹೊಸ್ತಿಲ ಹುಣ್ಣಿಮೆ ಎಂದೇ ಕರೆಯುವ ನಾಡಿನವರಿಗೆ ಇದನ್ನು ಮಾಂಟ್ರಿಯಲ್ ಕಲಿಸಬೇಕಾಗಿರಲಿಲ್ಲ. ಚಪ್ಪಲಿಗೂಡನ್ನೂ ಶಿಲುಬೆಯನ್ನೂ ಒಂದೇ ಮಾತಿನಿಂದ ಗುಡಿಸುವುದು ಸಮಾನತೆಯಂತೆ ಕಂಡೀತು. ಚಪ್ಪಲಿಗೂಡು ಒಳಗೆ ಹೋದರೆ ಯಾರಿಗೂ ನೋವಿಲ್ಲ. ಶಿಲುಬೆಯ ಮಾತು ಹಾಗಲ್ಲ.

ಮುಂದಿನ ಸಭೆಯಲ್ಲಿ ನನ್ನ ವಾಕ್ಯವನ್ನು ನಾನೇ ತಿದ್ದಬೇಕೆಂದು ಕೇಳಿಕೊಂಡೆ. ಒಬ್ಬರು, “ಇಂದು ಶಿಲುಬೆ, ನಾಳೆ ಧ್ವನಿವರ್ಧಕ” ಎಂದರು. ಗೋಡೆಯ ಮೇಲಿನ ಚಿಹ್ನೆ ನೆರೆಯವರ ನಿದ್ದೆ ಕೆಡಿಸುವುದಿಲ್ಲವೆಂದು ಉತ್ತರಿಸಿದೆ. ಚರ್ಚೆ ಎರಡು ಗಂಟೆ ನಡೆಯಿತು. ಕೊನೆಗೆ, ದಾರಿಗೆ ಅಡ್ಡವಾಗದ ಬಾಗಿಲುವಾಡದ ಚಿಹ್ನೆಗಳಿಗೆ ಈ ನಿಯಮ ಅನ್ವಯಿಸದೆಂಬ ಸಾಲು, ಮೂರೇ ಮತಗಳ ಅಂತರದಿಂದ, ಸೇರಿತು.

ಅಂದು ಸಂಜೆಯೇ ಸುತ್ತಿಗೆ ಹಿಡಿದು ಎದುರುಮನೆಗೆ ಹೋದೆ. ಆಕೆ ಶಿಲುಬೆಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದರು. ಹೊಸ ಮೊಳೆಗೆ ಜಾಗ ಹುಡುಕುತ್ತಿದ್ದ ನನ್ನನ್ನು ತಡೆದು, “ಅವರು ಹೊಡೆದ ತೂತು ಅಲ್ಲೇ ಇದೆಯಲ್ಲ, ಮೇಷ್ಟ್ರೇ. ಅದಕ್ಕೇ ಹೊಡೆಯಿರಿ” ಎಂದರು.