ಇನ್ಹೆರಿಟ್ ಮಾಡಿದ ಮಾತ್ರಕ್ಕೆ ಮರುಬಳಕೆಯೇ?

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಿಂದ ಏನು ಲಾಭ ಎಂದು ಕೇಳಿ ನೋಡಿ. 'ಕೋಡ್ ಮರುಬಳಕೆ, ಇನ್ಹೆರಿಟೆನ್ಸ್ ಇದೆಯಲ್ಲ' ಎಂಬ ಉತ್ತರ ಥಟ್ಟನೆ ಬರುತ್ತದೆ. ಕೇಳಿ ಕೇಳಿ ಸಾಕಾಗಿದೆ. ಬೇರೊಂದು ಕ್ಲಾಸಿನಲ್ಲಿ ಬರೆದ ಕೋಡ್ ಪುಕ್ಕಟೆ ಸಿಗುತ್ತದೆಂದು ಅದನ್ನು ಇನ್ಹೆರಿಟ್ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜಾವಾದಲ್ಲೇ ಸಾಕ್ಷಿಯಿದೆ.

1996ರ ಮೊದಲ ಆವೃತ್ತಿಯಲ್ಲೇ ಸ್ಟ್ಯಾಕ್ ಕ್ಲಾಸನ್ನು ವೆಕ್ಟರ್ ಎಂಬ ಪಟ್ಟಿಯ ಕ್ಲಾಸಿನಿಂದ ಇನ್ಹೆರಿಟ್ ಮಾಡಲಾಯಿತು. ಸ್ಟ್ಯಾಕ್ ಎಂದರೆ ಒಂದರ ಮೇಲೊಂದು ಪೇರಿಸಿದ ತಟ್ಟೆಗಳು. ಇಡುವುದೂ ತೆಗೆಯುವುದೂ ಮೇಲಿನಿಂದಲೇ. ಆದರೆ ವೆಕ್ಟರ್‌ನಿಂದ ಬಂದ ಮೆಥಡ್‌ಗಳು ನಡುವೆ ತುರುಕುವುದಕ್ಕೂ ಬುಡದಿಂದ ಎಳೆಯುವುದಕ್ಕೂ ಬಿಡುತ್ತವೆ. ಈಗ ತಿದ್ದಿದರೆ ಹಳೆಯ ಪ್ರೋಗ್ರಾಂಗಳು ಕೆಡುತ್ತವೆ. ಹಾಗಾಗಿ ತಪ್ಪು ಹಾಗೆಯೇ ಉಳಿದಿದೆ. ಸ್ಟ್ಯಾಕ್ ಬದಲು ಡೆಕ್ (Deque) ಬಳಸಿ ಎಂದು ಜಾವಾದ ಅಧಿಕೃತ ದಾಖಲೆಯೇ ಹೇಳುತ್ತದೆ.

ಪಟ್ಟಿಯೊಂದನ್ನು ಒಳಗೆ ಬಚ್ಚಿಟ್ಟು ಪುಶ್ (ಇಡು), ಪಾಪ್ (ತೆಗೆ), ಪೀಕ್ (ಮೇಲಿನದನ್ನು ನೋಡು) ಮಾತ್ರ ಹೊರಗೆ ಕೊಟ್ಟಿದ್ದರೆ ಈ ಗೋಳಿರುತ್ತಿರಲಿಲ್ಲ. ಇದಕ್ಕೆ ಕಂಪೊಸಿಷನ್ ಎನ್ನುತ್ತಾರೆ. ಇನ್ಹೆರಿಟೆನ್ಸ್‌ಗಿಂತ ಇದೇ ಮೇಲೆಂದು ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ 1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದಲ್ಲೇ ಹೇಳಿದ್ದರು.

ನಿಜವಾದ ಲಾಭ, ಕ್ಲಾಸಿನಲ್ಲಿ ಯಾವ ಮೆಥಡ್‌ಗಳಿರಬೇಕು ಎಂದು ಹೇಳುವ ಇಂಟರ್ಫೇಸ್‌ನಲ್ಲಿದೆ. ಜಾವಾದ ಸಾರ್ಟ್ ಮೆಥಡ್ ನೋಡಿ. ನೀವು ಇಂದು ಬರೆದ ವಿದ್ಯಾರ್ಥಿ ಕ್ಲಾಸಿನ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಇಬ್ಬರಲ್ಲಿ ಯಾರು ಮೊದಲು ಎಂದು ಹೇಳುವ ಕಂಪೇರಬಲ್ ಇಂಟರ್ಫೇಸ್ ನಿಮ್ಮ ಕ್ಲಾಸಿನಲ್ಲಿದ್ದರೆ ಸಾಕು, ಎಷ್ಟೋ ವರ್ಷ ಹಿಂದೆ ಬರೆದ ಆ ಕೋಡ್ ಒಂದಕ್ಷರವೂ ಬದಲಾಗದೆ ನಿಮ್ಮ ಪಟ್ಟಿಯನ್ನು ಜೋಡಿಸಿಕೊಡುತ್ತದೆ. ಹಳೆಯ ಕೋಡ್ ಹೊಸದನ್ನು ಕರೆದು ಕೆಲಸ ಮಾಡಿಸಿಕೊಳ್ಳುವುದೇ ದೊಡ್ಡ ಮರುಬಳಕೆ.

ಉಳಿದ ನಂಬಿಕೆಗಳಿಗೆ ಒಂದೆರಡು ಮಾತು ಸಾಕು. ಮರುಬಳಕೆ ಶುರುವಾದದ್ದೇ ಕ್ಲಾಸುಗಳಿಂದ ಎನ್ನುತ್ತಾರೆ. ಕ್ಲಾಸುಗಳನ್ನು ತಂದ ಸಿಮ್ಯುಲಾ 67ಕ್ಕಿಂತ ಬಹಳ ಮೊದಲೇ, ಕೇಂಬ್ರಿಜ್‌ನ ಎಡ್ಸ್ಯಾಕ್ ಕಂಪ್ಯೂಟರಿಗೆ ಸಬ್‌ರುಟೀನ್‌ಗಳ ಭಂಡಾರವಿತ್ತು. ಕ್ಲಾಸುಗಳಿಲ್ಲದ ಸಿ ಭಾಷೆಯಲ್ಲಿ ಇಂಟರ್ಫೇಸ್‌ನಂಥ ಮರುಬಳಕೆ ಆಗದು ಎನ್ನುವವರು ಲಿನಕ್ಸ್ ಕರ್ನಲ್ ನೋಡಲಿ. ಫಂಕ್ಷನ್ ಪಾಯಿಂಟರ್‌ಗಳಿಂದ ಅಲ್ಲಿ ಅದೇ ಕೆಲಸ ನಡೆಯುತ್ತಿದೆ. ಒಮ್ಮೆ ಗೆದ್ದ ಕೋಡಿಗೆ ಮತ್ತೆ ಪರೀಕ್ಷೆ ಬೇಡ ಎನ್ನುವವರಿಗೆ 1996ರ ಜೂನ್ 4ರ ಏರಿಯಾನ್ 5 ರಾಕೆಟ್ ಉಡಾವಣೆಯೇ ಉತ್ತರ: ಏರಿಯಾನ್ 4ರಿಂದ ತಂದ ಕೋಡಿನಲ್ಲಿ, ಹೊಸ ರಾಕೆಟ್ಟಿನ ಹೆಚ್ಚಿನ ಅಡ್ಡವೇಗದ ಸಂಖ್ಯೆ 16 ಬಿಟ್‌ಗಳಲ್ಲಿ ಹಿಡಿಸದೆ, ಸುಮಾರು 40 ಸೆಕೆಂಡಿನಲ್ಲಿ ಎಲ್ಲವೂ ನಾಶವಾಯಿತು.

ಬೇಸರವೆಂದರೆ, ಜಾವಾದ ಮೂಲ ಕೋಡ್ ಎಲ್ಲರಿಗೂ ತೆರೆದಿದ್ದರೂ ತೆರೆದು ನೋಡುವವರಿಲ್ಲ. ಗೈಡ್‌ನಲ್ಲಿದ್ದದ್ದು ಪರೀಕ್ಷೆಗೆ, ಅಲ್ಲಿಂದ ಇಂಟರ್‌ವ್ಯೂಗೆ, ಅಲ್ಲಿಂದ ಬ್ಯಾಂಕು, ಆಸ್ಪತ್ರೆಗಳ ಸಾಫ್ಟ್‌ವೇರ್‌ಗೆ ಹರಿಯುತ್ತದೆ. ನಂಬುವ ಮುನ್ನ ನಾಲ್ಕು ಸಾಲು ಬರೆದು ಓಡಿಸಿ ನೋಡಿ. ಕಂಪ್ಯೂಟರ್ ಯಾವ ಗೈಡಿನ ಮುಲಾಜಿಗೂ ಬೀಳುವುದಿಲ್ಲ.