ಸಂಬಳ ಕೇಳುವ ನೆಂಟರು

ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಮದುವೆ ಛತ್ರದಲ್ಲಿ, ಹಬ್ಬಕ್ಕೆ ಊರಿಗೆ ಹೋದಾಗ ಜಗಲಿಯ ಮೇಲೆ ಹಣದ ಪ್ರಶ್ನೆ ಬಂದೇ ಬರುತ್ತದೆ. ‘ಕೈಗೆ ಎಷ್ಟು ಬರುತ್ತೆ?’, ‘ಸೈಟು ಎಷ್ಟಕ್ಕೆ ಬಿತ್ತು?’, ‘ಇನ್ನೂ ಸಾಲ ಎಷ್ಟಿದೆ?’, ‘ಹೆಂಡ್ತೀನೂ ದುಡೀತಾಳಲ್ಲ, ಇಬ್ಬರದೂ ಸೇರಿ ಎಷ್ಟಾಗುತ್ತೆ?’ ಕೇಳುವವರಲ್ಲಿ ಹೆಚ್ಚಿನವರು ಹಿರಿಯರು, ಬೇಕಾದವರು. ಹಾಗಾಗಿ ಉತ್ತರಿಸಲೂ ಕಷ್ಟ, ಸುಮ್ಮನಿರಲೂ ಕಷ್ಟ.

ಹಿಂದೆ ಈ ಪ್ರಶ್ನೆಗೆ ಇಷ್ಟು ಮುಜುಗರ ಇರಲಿಲ್ಲ. ಕಣದಲ್ಲಿ ರಾಶಿಯಾದ ರಾಗಿ ಎಷ್ಟು, ಅಂಗಳದಲ್ಲಿ ಒಣಗಿದ ಅಡಿಕೆ ಎಷ್ಟು ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಕೂಡು ಕುಟುಂಬದಲ್ಲಿ ಎಲ್ಲರ ದುಡಿಮೆಯೂ ಯಜಮಾನರ ಕೈ ಸೇರುತ್ತಿದ್ದುದರಿಂದ ಅಣ್ಣತಮ್ಮಂದಿರ ನಡುವೆ ಗುಟ್ಟಿಗೆ ಎಡೆ ಕಡಿಮೆ. ಮೇಷ್ಟ್ರು, ಗುಮಾಸ್ತರು, ಕಂಡಕ್ಟರು ಯಾವ ಶ್ರೇಣಿಯಲ್ಲಿದ್ದಾರೆಂದು ತಿಳಿದರೆ ಅವರ ಸಂಬಳವೂ ತಿಳಿದಂತೆ. ಸರ್ಕಾರಿ ವೇತನ ಇವತ್ತಿಗೂ ಬಹಿರಂಗವೇ: ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ನೌಕರರ ತಿಂಗಳ ವೇತನವನ್ನು ಕಚೇರಿಗಳೇ ಪ್ರಕಟಿಸಬೇಕು. ಆದರೆ ಅದೇ ನೌಕರರ ಆದಾಯ ತೆರಿಗೆ ವಿವರಗಳು ಖಾಸಗಿ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ಇಲ್ಲದೆ ಅವನ್ನು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು.

ಖಾಸಗಿ ನೌಕರಿ ಈ ಲೆಕ್ಕವನ್ನು ಬದಲಿಸಿತು. ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರ ಸಂಬಳ ಬೇರೆ ಬೇರೆ ಇರಬಹುದು. ಹೀಗಾಗಿ ಸಂಬಳದ ಮೊತ್ತ ಹುದ್ದೆಯನ್ನಲ್ಲ, ಆ ಮನುಷ್ಯನನ್ನೇ ಅಳೆಯುವಂತೆ ಕೇಳಿಸುತ್ತದೆ. ಅದು ಸರಿಯಾಗಿ ಅಳೆಯುವುದೂ ಇಲ್ಲ. ‘ಹುಡುಗನಿಗೆ 12 ಲಕ್ಷದ ಪ್ಯಾಕೇಜ್’ ಎಂದು ಕೇಳಿದ ನೆಂಟರು ಅದನ್ನು 12ರಿಂದ ಭಾಗಿಸಿ, ತಿಂಗಳಿಗೆ ಒಂದು ಲಕ್ಷ ಮನೆಗೆ ಬರುತ್ತದೆ ಎಂದುಕೊಳ್ಳುತ್ತಾರೆ. ಆ 12 ಲಕ್ಷದಲ್ಲಿ ಕಂಪನಿ ಭವಿಷ್ಯನಿಧಿಗೆ ಕಟ್ಟುವ ಪಾಲು, ಗ್ರಾಚ್ಯುಟಿ, ವರ್ಷದ ಕೊನೆಗೆ ಬಂದರೆ ಬಂತು ಎನ್ನುವ ಬೋನಸ್ ಎಲ್ಲ ಸೇರಿರಬಹುದು. ಉಳಿದುದರಲ್ಲಿ ನೌಕರನ ಪಾಲಿನ ಪಿ.ಎಫ್., ವೃತ್ತಿ ತೆರಿಗೆ ಕಳೆಯಬೇಕು. ಬೆಂಗಳೂರಿನ ಬಾಡಿಗೆ, ಮನೆ ಸಾಲದ ಕಂತು ಆಮೇಲಿನ ಮಾತು. ಅಮೆರಿಕದಲ್ಲಿರುವ ಮಗನ ಸಂಬಳವನ್ನು ರೂಪಾಯಿಗೆ ಪರಿವರ್ತಿಸುವವರು ಅಲ್ಲಿನ ಬಾಡಿಗೆಯನ್ನೂ ಆರೋಗ್ಯ ವಿಮೆಯನ್ನೂ ಪರಿವರ್ತಿಸುವುದಿಲ್ಲ. ಮೊತ್ತವೊಂದನ್ನೇ ಹೇಳಿದರೆ ಕೇಳಿದವರಿಗೆ ನಿಜಸ್ಥಿತಿ ತಿಳಿಯುವುದಿಲ್ಲ. ಅವರ ಮನಸ್ಸಿನಲ್ಲಿ ಉಳಿಯುವುದು ಹೋಲಿಕೆ ಮಾತ್ರ.

ನಾರ್ವೆಯಲ್ಲಿ ತೆರಿಗೆದಾರರ ಆದಾಯದ ವಿವರ ಸಾರ್ವಜನಿಕ. ಯಾರು ಯಾರದನ್ನಾದರೂ ಇಂಟರ್ನೆಟ್‌ನಲ್ಲಿ ಹುಡುಕಿ ನೋಡಬಹುದಿತ್ತು, ಲಕ್ಷಾಂತರ ಜನ ನೋಡುತ್ತಲೂ ಇದ್ದರು. 2014ರಲ್ಲಿ ಅಲ್ಲಿ ನಿಯಮ ಬದಲಾಗಿ, ತನ್ನ ವಿವರವನ್ನು ಯಾರು ನೋಡಿದರೆಂಬುದು ಆಯಾ ವ್ಯಕ್ತಿಗೆ ತಿಳಿಯುವಂತಾಯಿತು. ಹುಡುಕುವವರ ಸಂಖ್ಯೆ ಒಮ್ಮೆಗೇ ಕುಸಿಯಿತು. ಮಾಹಿತಿ ಮುಂಚಿನಂತೆಯೇ ತೆರೆದಿತ್ತು; ಕೇಳುವವರು ಮರೆಯಲ್ಲಿರುವ ಅನುಕೂಲವಷ್ಟೇ ಹೋಯಿತು.

ಜಗಲಿಯ ಮಾತಿನಲ್ಲೂ ಈ ಉಪಾಯ ನಡೆಯುತ್ತದೆ. ‘ಯಾಕೆ ಚಿಕ್ಕಪ್ಪ, ಏನಾದ್ರೂ ವಿಷಯ ಇತ್ತಾ?’ ಎಂದು ಕೊಂಕಿಲ್ಲದೆ ಕೇಳಿದರೆ ಪ್ರಶ್ನೆಯ ಹಿಂದಿನ ಕಾರಣ ಹೊರಬರುತ್ತದೆ. ಚಿಕ್ಕಪ್ಪನ ಮೊಮ್ಮಗ ಇಂಜಿನಿಯರಿಂಗ್ ಮುಗಿಸುತ್ತಿರಬಹುದು, ಅವನಿಗೆ ಯಾವ ಕೆಲಸ ಒಳ್ಳೆಯದೆಂಬ ಚಿಂತೆ ಇರಬಹುದು. ಹಾಗಿದ್ದರೆ ಅವರಿಗೆ ಬೇಕಿರುವುದು ಆ ಕೆಲಸಕ್ಕೆ ಶುರುವಿನಲ್ಲಿ ಎಷ್ಟರಿಂದ ಎಷ್ಟರವರೆಗೆ ಸಿಗುತ್ತದೆ ಎಂಬ ಅಂದಾಜು, ಅದನ್ನು ಧಾರಾಳವಾಗಿ ಕೊಡಬಹುದು. ಸೈಟಿನ ಬೆಲೆ ಕೇಳಿದವರು ತಾವೂ ಕೊಳ್ಳುವ ಯೋಚನೆಯಲ್ಲಿದ್ದರೆ ಆ ಬಡಾವಣೆಯಲ್ಲಿ ಚದರಡಿಗೆ ಈಗ ನಡೆಯುತ್ತಿರುವ ದರ ಹೇಳಿ, ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯನ್ನು ಯಾರು ಬೇಕಾದರೂ ನೋಡಬಹುದೆಂದು ತಿಳಿಸಿದರೆ ಸಾಕು. ದೂರದಲ್ಲಿರುವ ಮಗಳು ನೆಮ್ಮದಿಯಾಗಿದ್ದಾಳೆಯೇ ಎಂದು ನೇರವಾಗಿ ಕೇಳಲಾಗದೆ ಅಳಿಯನ ಸಂಬಳ ಕೇಳುವ ತಾಯಂದಿರೂ ಇದ್ದಾರೆ. ಅಂಥವರಿಗೆ ಕೊಡಬೇಕಾದ ಉತ್ತರವೇ ಬೇರೆ.

ಬರೀ ಅಭ್ಯಾಸಬಲದಿಂದ ಕೇಳುವವರಿಗೆ ‘ಸಂಸಾರಕ್ಕೆ ಸಾಲುತ್ತೆ ದೊಡ್ಡಪ್ಪ, ನಿಮ್ಮ ಆಶೀರ್ವಾದ. ಮೊಣಕಾಲು ನೋವು ಈಗ ಹೇಗಿದೆ?’ ಎಂದರೆ ಮಾತು ತಾನಾಗಿ ಹೊರಳುತ್ತದೆ. ಮತ್ತೆ ಒತ್ತಾಯಿಸಿದರೆ ‘ಅದೊಂದು ಮಾತ್ರ ಯಾರಿಗೂ ಹೇಳಲ್ಲ ಅತ್ತೆ, ಬೇಜಾರು ಮಾಡ್ಕೋಬೇಡಿ’ ಎನ್ನಬಹುದು. ಎಲ್ಲರಿಗೂ ಒಂದೇ ನಿಯಮ ಎಂದು ಗೊತ್ತಾದರೆ ಯಾರಿಗೂ ಅವಮಾನವಾಗುವುದಿಲ್ಲ. ಆದರೆ ನಿಯಮ ನಿಜಕ್ಕೂ ಒಂದೇ ಆಗಿರಬೇಕು: ಭಾವನಿಗೆ ಹೇಳಿ ಅತ್ತೆಗೆ ಮುಚ್ಚಿಟ್ಟದ್ದು ವಾರದೊಳಗೆ ಅತ್ತೆಗೆ ತಿಳಿಯುತ್ತದೆ. ‘ನಿಮಗ್ಯಾಕೆ?’ ಎಂಬ ಉತ್ತರ ಪ್ರಶ್ನೆಗಿಂತ ಒರಟು, ಅದು ನೆಂಟರ ಮನೆಮನೆ ಸುತ್ತುತ್ತದೆ. ಸುಳ್ಳು ಇನ್ನೂ ಕೆಟ್ಟದ್ದು. ಕಡಿಮೆ ಹೇಳಿದವರು ಕಾರು ಕೊಂಡ ದಿನ ಸಿಕ್ಕಿಬೀಳುತ್ತಾರೆ, ಹೆಚ್ಚು ಹೇಳಿದವರ ಮನೆಗೆ ಸಾಲ ಕೇಳುವವರು ಬರುತ್ತಾರೆ.

ಗಂಡ ಹೆಂಡತಿ ಇಬ್ಬರೂ ಏನು ಹೇಳಬೇಕು, ಏನು ಹೇಳಬಾರದು ಎಂದು ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು. ಮಕ್ಕಳನ್ನು ಪಕ್ಕಕ್ಕೆ ಕರೆದು ‘ನಿಮ್ಮಪ್ಪಂಗೆ ಎಷ್ಟು ಸಂಬಳ ಪುಟ್ಟಾ?’ ಎಂದು ವಿಚಾರಿಸುವುದು ತೀರಾ ಅಪರೂಪವಲ್ಲ. ‘ಅಪ್ಪನ್ನೇ ಕೇಳಿ ತಾತ’ ಎಂಬ ಉತ್ತರ ಮಗುವಿಗೆ ಗೊತ್ತಿದ್ದರೆ ಅದು ಸುಳ್ಳನ್ನೂ ಹೇಳಬೇಕಾಗಿಲ್ಲ, ಹೆದರಲೂ ಬೇಕಾಗಿಲ್ಲ.

ಕೆಲಸ ಕಳೆದುಕೊಂಡವರನ್ನು, ಬೆಳೆ ಕೈಕೊಟ್ಟವರನ್ನು, ಗಂಡನನ್ನು ಕಳೆದುಕೊಂಡ ಹೆಂಗಸನ್ನು ಹೀಗೆ ಕೇಳುವುದು ಮಾತ್ರ ಕ್ಷಮಿಸುವಂಥದ್ದಲ್ಲ. ವೈಕುಂಠ ಸಮಾರಾಧನೆಯೂ ಮುಗಿಯುವ ಮೊದಲೇ ‘ಇನ್ಶೂರೆನ್ಸ್ ಎಷ್ಟು ಬರುತ್ತಂತೆ?’ ಎಂದು ಆಕೆಯ ಎದುರಿಗೇ ಕೇಳುವವರಿದ್ದಾರೆ. ಅಲ್ಲಿ ಉತ್ತರ ಹೇಳುವ ಹೊರೆ ಆಕೆಯದಾಗಬಾರದು. ಪಕ್ಕದಲ್ಲಿರುವ ಅಣ್ಣನೋ ಅತ್ತಿಗೆಯೋ ‘ಕಾಗದಪತ್ರ ಎಲ್ಲ ನಾವು ನೋಡ್ಕೋತಿದ್ದೀವಿ’ ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಮನೆಯ ಹಿರಿಯರು ಇಂಥ ಹೊತ್ತಿನಲ್ಲಿ ಸುಮ್ಮನಿದ್ದರೆ ಕೇಳಿದವರಷ್ಟೇ ತಪ್ಪು ಅವರದೂ ಆಗುತ್ತದೆ.

ಕೆಲವು ಪ್ರಶ್ನೆಗಳು ಕೈಸಾಲಕ್ಕೆ ಅಥವಾ ಜಾಮೀನಿಗೆ ಪೀಠಿಕೆ. ಕೈಸಾಲವಾದರೆ ಹಿಂತಿರುಗದಿದ್ದರೂ ತಡೆದುಕೊಳ್ಳಬಲ್ಲಷ್ಟು ಮೊತ್ತವನ್ನು ಮಾತ್ರ ಕೊಡುವುದು ಕ್ಷೇಮ. ಜಾಮೀನು ಅದಕ್ಕಿಂತ ಭಾರವಾದದ್ದು, ಜನ ಅದನ್ನು ಬರೀ ಒಂದು ಸಹಿ ಎಂದುಕೊಳ್ಳುತ್ತಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಹೇಳದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಂತು ತಪ್ಪಿದರೆ ಬ್ಯಾಂಕು ನೇರವಾಗಿ ಜಾಮೀನು ಹಾಕಿದವರನ್ನೇ ಕೇಳಬಹುದು, ನಾಳೆ ಅವರ ಸ್ವಂತ ಸಾಲಕ್ಕೂ ಅಡ್ಡಿಯಾಗಬಹುದು. ‘ಮನೇಲಿ ಮಾತಾಡಿ ಹೇಳ್ತೀನಿ’ ಎಂದು ತಿಂಗಳುಗಟ್ಟಲೆ ಅಲೆಸುವುದಕ್ಕಿಂತ ‘ಜಾಮೀನು ಹಾಕಲ್ಲ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೀವಿ’ ಎಂದು ಅದೇ ದಿನ ಹೇಳುವುದು ಕೇಳಿದವರಿಗೂ ಉಪಕಾರ. ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ.

ಎಲ್ಲ ಪ್ರಶ್ನೆಯೂ ಅತಿಕ್ರಮಣವಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗ ಹುಡುಗಿ ಇಬ್ಬರೂ ಆದಾಯವನ್ನೂ ಸಾಲವನ್ನೂ ಬಿಚ್ಚಿ ಹೇಳಬೇಕು. ಸಾಲ ಮುಚ್ಚಿಟ್ಟು ಮದುವೆಯಾಗುವುದು ಮೋಸ. ಮಗನನ್ನೇ ನೆಚ್ಚಿರುವ ತಂದೆತಾಯಿಗೆ ಮನೆಯ ಸ್ಥಿತಿ ತಿಳಿಯುವ ಹಕ್ಕಿದೆ. ಹೆಂಡತಿಗೂ ಹೇಳದ ಗುಟ್ಟು ಕೊನೆಗೆ ಮನೆಯವರಿಗೇ ನಷ್ಟ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಂಥ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ‘ಉದ್ಗಮ್’ ಎಂಬ ಪೋರ್ಟಲ್ ತೆರೆದಿದೆ, ವಾರಸುದಾರರು ದಾಖಲೆ ಕೊಟ್ಟು ಹಣವನ್ನು ಬ್ಯಾಂಕಿನಿಂದ ಪಡೆಯಬಹುದು. ಅಷ್ಟು ದೂರ ಹೋಗದಂತೆ ಖಾತೆ, ವಿಮೆ, ಕೊಟ್ಟ ಕೈಸಾಲ, ಹಾಕಿದ ಜಾಮೀನು, ನಾಮಿನಿಯ ಹೆಸರು ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು, ಅದು ಯಾವ ಬೀರುವಿನಲ್ಲಿದೆ ಎಂದು ಸಂಗಾತಿಗೂ ಬೆಳೆದ ಮಕ್ಕಳಿಗೂ ಹೇಳಿರಬೇಕು.