ಪ್ರಮಾಣ ಮತ್ತು ಪ್ರಮೇಯ: ಭೌತವಿಜ್ಞಾನಿ ಸುದರ್ಶನರ ವಿಚಾರಸರಣಿ

'ಮಾ' ಧಾತುವಿಗೆ ಅಳೆಯುವುದೆಂದರ್ಥ. ಅದರಿಂದ ಹುಟ್ಟಿದ 'ಪ್ರಮಾಣ' ಶಬ್ದವು ಲೋಕವ್ಯವಹಾರದಲ್ಲಿ ಅಳತೆಯನ್ನೂ ತರ್ಕಶಾಸ್ತ್ರದಲ್ಲಿ ಯಥಾರ್ಥಜ್ಞಾನದ ಸಾಧನವನ್ನೂ ಸೂಚಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಭೌತವಿಜ್ಞಾನ ಪತ್ರಿಕೆಯ ಹೆಸರೂ 'ಪ್ರಮಾಣ'ವೇ. ಅದರ 1976ರ ಸಂಪುಟದಲ್ಲಿ ಇ. ಸಿ. ಜಿ. ಸುದರ್ಶನರು ಬರೆದ ಲೇಖನವೊಂದರ ವಿಷಯವು ಅಳೆಯುವ ಕ್ರಿಯೆಯೇ ಆಗಿದ್ದುದು ಸೊಗಸಾದ ಕಾಕತಾಳೀಯ.

1931ರಲ್ಲಿ ಕೇರಳದ ಕೊಟ್ಟಾಯಂ ಬಳಿಯ ಪಳ್ಳಂನಲ್ಲಿ ಜನಿಸಿದ ಇವರು ಅಮೆರಿಕೆಯ ರಾಚೆಸ್ಟರಿನಲ್ಲಿ ಡಾಕ್ಟರೇಟ್ ಪಡೆದು, 1969ರಿಂದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಸತೀಶ ಧವನರ ಆಹ್ವಾನವನ್ನು ಮನ್ನಿಸಿ 1972ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದರು. ನಮ್ಮ ಜಿಲ್ಲೆಯ ಬಿದಿರುಮೆಳೆಗಳನ್ನು ಅಭ್ಯಸಿಸಿದ ಮಾಧವ ಗಾಡ್ಗೀಳರೂ ಆ ಕೇಂದ್ರದಲ್ಲಿದ್ದವರೇ. ಭೌತವಿಜ್ಞಾನಿಯು ಕಟ್ಟಿದ ಮನೆಯಲ್ಲಿ ಅರಣ್ಯವಿಜ್ಞಾನಿಗೂ ಎಡೆಯಿತ್ತೆಂಬುದು ವಿದ್ಯಾಸಂಸ್ಥೆಗಳನ್ನು ನಡೆಸುವವರು ಗಮನಿಸತಕ್ಕ ಸಂಗತಿ.

ಇನ್ನು ಪ್ರಸ್ತುತ ವಿಷಯ. ಶಿರಸಿ ಪೇಟೆಯಲ್ಲಿ ಅಡಿಕೆಯನ್ನು ತೂಗಿದರೆ ಅಡಿಕೆಯೇನೂ ಬೇರೆಯಾಗದು. ಪರಮಾಣುಲೋಕದಲ್ಲಿ ಈ ಭರವಸೆಯಿಲ್ಲ. ಅಲ್ಲಿ ಕಣವು ಅಳೆಯುವ ಮುನ್ನ ಹಲವು ಸ್ಥಿತಿಗಳ ಮೇಳನದಲ್ಲಿರಬಹುದು. ಅಳೆದೊಡನೆ ಒಂದೇ ಸ್ಥಿತಿ ದೊರೆಯುತ್ತದೆ. ಆದರೆ ಅಳೆಯುವ ಉಪಕರಣವೂ ಪರಮಾಣುಗಳಿಂದಲೇ ಆದುದಲ್ಲವೆ? ಅದೇಕೆ ತಕ್ಕಡಿಯಂತೆ ನಿಶ್ಚಿತವಾಗಿ ವರ್ತಿಸುತ್ತದೆ? ಉಪಕರಣವನ್ನೂ ಕ್ವಾಂಟಂ ಭಾಷೆಯಲ್ಲಿಯೇ ವರ್ಣಿಸಿ, ಅದರ ಕೆಲವು ರಾಶಿಗಳು ತತ್ತ್ವತಃ ಅಗೋಚರವೆಂದು ಅಂಗೀಕರಿಸುವುದು ಸುದರ್ಶನರು 1976ರಲ್ಲಿ ತೋರಿದ ಮಾರ್ಗ. ಇದರಿಂದ ಸಮಸ್ಯೆ ಪೂರ್ಣವಾಗಿ ಬಗೆಹರಿಯಿತೆನ್ನಲಾಗದು. ಚರ್ಚೆ ಇಂದಿಗೂ ನಡೆದೇ ಇದೆ.

ಮರುವರ್ಷ, 1977ರಲ್ಲಿ, ಬೈದ್ಯನಾಥ ಮಿಶ್ರರೊಡನೆ ಅವರು ಮಂಡಿಸಿದ ವಿಚಾರವು ಇನ್ನೂ ವಿಸ್ಮಯಕರ. ಹಾರುವ ಬಾಣವು ಪ್ರತಿಕ್ಷಣವೂ ಒಂದೊಂದು ಸ್ಥಳದಲ್ಲಿ ನಿಂತೇ ಇರುವುದರಿಂದ ಅದಕ್ಕೆ ಚಲನೆಯೇ ಇಲ್ಲವೆಂದು ವಾದಿಸಿದ ಯವನ ದಾರ್ಶನಿಕ ಜೀನೊನ ಹೆಸರನ್ನೇ ಅದಕ್ಕಿಟ್ಟರು. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕದಡಿ ನೋಡುತ್ತಿದ್ದರೆ ಮೊಸರು ಗಟ್ಟಿಯಾಗದಷ್ಟೆ? ದೃಷ್ಟಾಂತವು ಸರ್ವಾಂಶದಲ್ಲೂ ಒಪ್ಪದು. ಇಲ್ಲಿ ತಡೆಯುವುದು ಕೈಯ ಕದಡಲ್ಲ, ಅಳತೆಯೇ. ಲೆಕ್ಕವನ್ನೇ ನೋಡೋಣ. ಕಣವೊಂದು ಒಂದು ಕಿರು ಅವಧಿಯಲ್ಲಿ ಸ್ಥಿತಿ ಬದಲಿಸುವ ಸಂಭವ ನೂರಕ್ಕೆ 10 ಎನ್ನಿ. ಆರಂಭಕಾಲದಲ್ಲಿ ಈ ಸಂಭವವು ಕಾಲದ ವರ್ಗವನ್ನನುಸರಿಸಿ ಬೆಳೆಯುವುದರಿಂದ, ಅವಧಿಯ ಹತ್ತನೆಯ ಒಂದು ಪಾಲಿನಲ್ಲಿ ಅದು ನೂರಕ್ಕೆ 0.1 ಮಾತ್ರ. ಪ್ರತಿ ಪಾಲಿನ ಕೊನೆಗೂ ಅಳೆದರೆ ಗಣನೆ ಮತ್ತೆ ಮೊದಲಿನಿಂದ ಆರಂಭ. ಹತ್ತೂ ಪಾಲು ಸೇರಿ ನೂರಕ್ಕೆ ಸುಮಾರು 1. ನೂರು ಬಾರಿ ಅಳೆದರೆ 0.1. ಎಡೆಬಿಡದೆ ಅಳೆದರೆ ಕಣವು ಬದಲಾಗುವುದೇ ಇಲ್ಲ!

ಇದು ಬರಿಯ ವಾಗ್ವಾದವಾಗಿ ಉಳಿಯಲಿಲ್ಲ. 1990ರಲ್ಲಿ ಅಮೆರಿಕೆಯ ಬೌಲ್ಡರ್ ನಗರದಲ್ಲಿ ಇಟಾನೊ, ವೈನ್‌ಲ್ಯಾಂಡ್ ಮೊದಲಾದವರು ಸುಮಾರು 5000 ಬೆರಿಲಿಯಂ ಅಯಾನುಗಳನ್ನು ಹಿಡಿದಿಟ್ಟು, ರೇಡಿಯೊ ತರಂಗಗಳಿಂದ ಅವುಗಳ ಸ್ಥಿತಿಯನ್ನು ಬದಲಿಸಹೊರಟರು. 256 ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕಾದ ಆ ಪರಿವರ್ತನೆಯು ನಡುವೆ 64 ಬಾರಿ ಅಳೆದಾಗ ಬಹುಮಟ್ಟಿಗೆ ನಿಂತೇಹೋಯಿತು.

ಕ್ವಾಂಟಂ ಮಾಪನದ ಪ್ರಯೋಗಗಳಿಗಾಗಿ ವೈನ್‌ಲ್ಯಾಂಡರಿಗೆ 2012ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಬೆಳಕಿನ ಕ್ವಾಂಟಂ ಸಿದ್ಧಾಂತಕ್ಕಾಗಿ 2005ರಲ್ಲಿ ಆ ಗೌರವವು ಗ್ಲೌಬರರಿಗೆ ಸಂದಾಗ, ಅದೇ ಕ್ಷೇತ್ರದಲ್ಲಿ 1963ರಲ್ಲೇ ದುಡಿದಿದ್ದ ಸುದರ್ಶನರು ಬರಹಮೂಲಕ ಆಕ್ಷೇಪಿಸಿದ್ದರು. ಅವರಿಗೆ ಪದ್ಮವಿಭೂಷಣ 2007ರಲ್ಲಿಯೂ ಡಿರಾಕ್ ಪದಕ 2010ರಲ್ಲಿಯೂ ಬಂದವು, ನೊಬೆಲ್ ಬರಲಿಲ್ಲ. 2018ರ ಮೇ ತಿಂಗಳಲ್ಲಿ ಅವರು ಟೆಕ್ಸಾಸಿನಲ್ಲಿ ದಿವಂಗತರಾದರು.